ಕುದುರೆ ಅವರದ್ದು, ನೆಲ ಯಾರದ್ದು?

ಕುದುರೆ ಸಾಕೋರಿಗೆ ಜಮೀನು ಬೇಕು ಅಂತ ದಲ್ಲಾಳಿ ಯಾರಾದರೂ ನಿಮ್ಮ ಹೊಲದ ಬದುವಿಗೆ ಬಂದ್ರೆ, ರೇಟು ಮಾತಾಡೋ ಮುಂಚೆ ನಮ್ಮ ಸೀಮೆಯ ಹಳೇ ಕಥೆ ಒಂದಿಷ್ಟು ತಿಳ್ಕೊಂಡಿರಿ.

1809ರಲ್ಲಿ ಹಲಸೂರಿನ ಪಕ್ಕ ದಂಡು ಬಂತು. ಈಗಿನ ಕಾಮರಾಜ ರಸ್ತೆಗೆ ಆಗ ಕ್ಯಾವಲ್ರಿ ರಸ್ತೆ ಅಂತ ಹೆಸರು, ಅಂದ್ರೆ ಕುದುರೆ ಪಡೆ ರಸ್ತೆ. ದೊಡ್ಡ ಬಂಗಲೆ ಅಂದ್ರೆ ಹಿಂದುಗಡೆ ಲಾಯ ಇರಲೇಬೇಕು, ಕುದುರೆ ನೋಡ್ಕೊಳ್ಳೋರಿಗೆ ಮನೆ ಇರಲೇಬೇಕು. ನಮ್ಮ ಹುರುಳಿಗೆ ಇಂಗ್ಲಿಷ್‌ನಲ್ಲಿ ಹಾರ್ಸ್ ಗ್ರಾಮ್ ಅನ್ನೋದು ಸುಮ್ಮನೆ ಅಲ್ಲ.

1896ರಲ್ಲಿ ಚರ್ಚಿಲ್ ಇಲ್ಲಿಗೆ ಬಂದಾಗ ಇನ್ನಿಬ್ಬರು ಅಧಿಕಾರಿಗಳ ಜೊತೆ ಒಂದು ಬಂಗಲೆ ಹಂಚಿಕೊಂಡಿದ್ದ. ಅವನ ಪಡೆಯೋರು ಪೋಲೋ ಆಟಕ್ಕೆ ಅಂತ ಪೂನಾ ಲೈಟ್ ಹಾರ್ಸ್‌ನಿಂದ 25 ಕುದುರೆ ಒಟ್ಟಿಗೇ ಕೊಂಡಿದ್ದರು. ಕುದುರೆಗೆ ದುಡ್ಡು ಸುರಿದರು, ನೆಲ ಬಿಟ್ಟು ಹೋದರು. ದಂಡಿನ ನೆಲ 1881ರಲ್ಲಿ ಬ್ರಿಟಿಷರ ಆಡಳಿತಕ್ಕೆ ಉಳೀತು, 1947ರ ಜುಲೈ 26ಕ್ಕೆ ಮೈಸೂರಿಗೆ ವಾಪಸ್ ಬಂತು.

ಆಮೇಲಿನ ಕಥೆನೂ ಅದೇ. ಬೆಂಗಳೂರು ರೇಸ್ ಕೋರ್ಸ್ ಜಾಗ ಸರ್ಕಾರದ್ದು. ಕ್ಲಬ್ಬಿನ ಗುತ್ತಿಗೆ 2009ರಲ್ಲಿ ಮುಗೀತು, ತಕರಾರು ಕೋರ್ಟಿಗೆ ಹೋಯ್ತು. ಟಿಪ್ಪು ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಂ ನಾನೂರು ಎಕರೆ ಮೇಲಿದೆ. ಅದನ್ನ 1992ರಲ್ಲಿ ಮಲ್ಯ ಅವರ ಕಂಪನಿಗೆ 30 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಅಲ್ಲಿಂದ ರೇಸಿನ ಕುದುರೆ ಎಷ್ಟೋ ಹೊರಬಂದವು. ನೆಲ ಮಾತ್ರ ಸರ್ಕಾರದ್ದೇ. ಸರ್ಕಾರ ಅಷ್ಟು ಹುಷಾರಾಗಿ ನೆಲ ಕೈಯಲ್ಲಿ ಇಟ್ಕೊಂಡಿತು.

ನಮ್ಮ ಕಥೆ ಉಲ್ಟಾ. ನಮಗೆ ಕುದುರೆ ಇಲ್ಲ, ನೆಲ ಇದೆ. ಆದ್ರೆ ಸರ್ಕಾರದ ಥರ ಗುತ್ತಿಗೆ ಕೊಟ್ಟು ಕೂರೋಕೆ ಆಗಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ಬೇಸಾಯದ ಜಮೀನು ಗೇಣಿಗೆ ಕೊಡೋ ಹಾಗಿಲ್ಲ. ಛಾಪಾ ಕಾಗದದಲ್ಲಿ ಹತ್ತು ವರ್ಷಕ್ಕೆ ಬರ್ಕೊಡಿ ಅಂದ್ರೆ ಒಪ್ಪೋಕೆ ಮುಂಚೆ ವಕೀಲರಿಗೆ ತೋರಿಸಿ. ಮಾರಾಟಕ್ಕೆ ಆ ತಡೆ ಇಲ್ಲ. 2020ರಲ್ಲಿ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಕೊಳ್ಳಬಹುದು. ಮಾರಿದ್ರೆ ಮಾತ್ರ ಅದು ಶಾಶ್ವತ, ಗುತ್ತಿಗೆ ಮುಗಿದು ವಾಪಸ್ ಬರಲ್ಲ.

ಕುದುರೆ ವ್ಯವಹಾರ ಬಲ್ಲ ದಲ್ಲಾಳಿ ಬರೀ ಎಕರೆ ನೋಡಲ್ಲ. ನೀರು, ಕಲ್ಲಿಲ್ಲದ ಮೆತ್ತನೆ ನೆಲ, ಹುಲ್ಲು, ಕುದುರೆ ಲಾರಿ ತಿರುಗೋ ದಾರಿ ನೋಡ್ತಾನೆ. ಒಂದು ಕುದುರೆ ದಿನಕ್ಕೆ 30 ಲೀಟರ್ ನೀರು ಕುಡಿಯುತ್ತೆ, ಬಿಸಿಲಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಬೋರ್‌ವೆಲ್‌ಗೂ ಬೆಲೆ ಕಟ್ಟಿಸಿ. ಪಹಣಿ, ಮ್ಯುಟೇಶನ್, ಇ.ಸಿ., ಪೋಡಿ ನಕ್ಷೆ ನೀವೇ ತೆಗೆಸಿ ಇಟ್ಕೊಳ್ಳಿ. ಪಕ್ಕದ ಗೋಮಾಳ ಸೇರಿಸಿ ಬೇಲಿ ತೋರಿಸಬೇಡಿ, ಅದು ನಮ್ಮದಲ್ಲ. ದಲ್ಲಾಳಿ ಕಮಿಷನ್ ಎಷ್ಟು, ಯಾರು ಕೊಡೋದು ಅನ್ನೋದು ಮುಂಗಡ ಹಿಡಿಯೋಕೆ ಮುಂಚೆನೇ ಬರೆಸ್ಕೊಳ್ಳಿ. ಮನೇಲಿ ಅಕ್ಕತಂಗಿಯರ ಪಾಲು ಇದ್ರೆ ಅವರನ್ನೂ ಕೂರಿಸ್ಕೊಂಡೇ ಮಾತಾಡಿ.