ಕನ್ನಡಕದ ಡಬ್ಬಿ

2022ರ ಏಪ್ರಿಲ್ 29. ಕ್ರಿಮಿಯಾದ ಇರಿನಾ ಡ್ಯಾನಿಲೊವಿಚ್ ಎಂಬ ನರ್ಸು ಡ್ಯೂಟಿ ಮುಗಿಸಿ ಹೊರಟವಳು ಮನೆ ಸೇರಲಿಲ್ಲ. ರಷ್ಯಾದ ಗುಪ್ತ ಪೊಲೀಸರು ಎತ್ತಿಕೊಂಡು ಹೋಗಿದ್ದರು. ಎಂಟು ದಿನ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರೆಂದು ಆಮೇಲೆ ಆಕೆಯೇ ಹೇಳಿದಳು. ವಕೀಲರಿಗೆ ಆಕೆಯ ಪತ್ತೆ ಸಿಕ್ಕಿದ್ದು ಮೇ 11ಕ್ಕೆ, ಜೈಲಿನಲ್ಲಿ. ಕನ್ನಡಕದ ಡಬ್ಬಿಯಲ್ಲಿ 200 ಗ್ರಾಂ ಸ್ಫೋಟಕ ಇತ್ತಂತೆ! ಅದಕ್ಕೆ ಏಳು ವರ್ಷ ಸಜೆ. ಮೇಲ್ಮನವಿಯಲ್ಲಿ ಒಂದು ತಿಂಗಳು ಕಮ್ಮಿ ಮಾಡಿದರು. ಎಂಥ ದೊಡ್ಡ ಮನಸ್ಸು ನೋಡಿ.

ಆಕೆ ಮಾಡಿದ್ದೇನು? ತನ್ನಂಥ ಆಸ್ಪತ್ರೆ ನೌಕರರ ಹಕ್ಕುಗಳನ್ನು ಹೇಗೆ ತುಳಿಯುತ್ತಾರೆ ಅಂತ ಬರೆದಳು. ರಾಜಕೀಯ ಕೈದಿಗಳ ಬಗ್ಗೆ ಬರೆದಳು. ಅಲ್ಲಾ, ಸೂಜಿ ಚುಚ್ಚುವ ಕೈ ಯಾಕೆ ಸುದ್ದಿ ಬರೆಯಬೇಕಾಯ್ತು? ಇದನ್ನು ತಿಳಿಯೋಕೆ ಹಿಂದಕ್ಕೆ ಹೋಗಬೇಕು.

1944ರ ಮೇ 18. ಬೆಳಗಿನ ಜಾವ ಸ್ಟಾಲಿನ್‌ನ ಸೈನಿಕರು ಕ್ರಿಮಿಯಾದ ತಾತಾರರ ಬಾಗಿಲು ಬಡಿದರು. ಜರ್ಮನರ ಜೊತೆ ಸೇರಿದಿರಿ ಅಂತ ಇಡೀ ಜನಾಂಗದ ಮೇಲೇ ಆರೋಪ. ಕೆಂಪು ಸೈನ್ಯದಲ್ಲಿ ಹೋರಾಡುತ್ತಿದ್ದವರ ಹೆಂಡತಿ ಮಕ್ಕಳನ್ನೂ ಬಿಡಲಿಲ್ಲ. ಸುಮಾರು 1,90,000 ಜನರನ್ನು ಮೂರೇ ದಿನದಲ್ಲಿ ಗೂಡ್ಸ್ ಡಬ್ಬಿಗಳಿಗೆ ತುಂಬಿ ಉಜ್ಬೇಕಿಸ್ತಾನದ ಕಡೆ ಅಟ್ಟಿದರು. (ಇದನ್ನು ಬರೆದರೆ ನಮ್ಮ ಕೆಲವು ಗೆಳೆಯರಿಗೆ ಮುನಿಸು ಬರಬಹುದು. ಬರಲಿ.) ಈ ಜನರ ಗೋಳು ಸರ್ಕಾರಿ ಪತ್ರಿಕೆಗಳಿಗೆ ಬೇಕಿರಲಿಲ್ಲ. ಹಾಗಾಗಿ 1960ರ ದಶಕದಲ್ಲಿ ತಾವೇ ಸುದ್ದಿಹಾಳೆ ಟೈಪು ಮಾಡಿ, ಕದ್ದುಮುಚ್ಚಿ ಕೈಯಿಂದ ಕೈಗೆ ದಾಟಿಸಿದರು. ಸಿಕ್ಕಿಬಿದ್ದವರು ಜೈಲಿಗೆ ಹೋದರು. ಕೂಸಾಗಿದ್ದಾಗಲೇ ಗಡೀಪಾರಾದ ಮುಸ್ತಫಾ ಜೆಮಿಲೆವ್ ಜೈಲಿನಲ್ಲಿ 303 ದಿನ ಉಪವಾಸ ಮಾಡಿದರು. ಬಲವಂತವಾಗಿ ಅನ್ನ ಇಳಿಸಿದ್ದರಿಂದ ಬದುಕಿದರು.

1980ರ ದಶಕದ ಕೊನೆಗೆ ಜನ ಊರಿಗೆ ಮರಳತೊಡಗಿದರು. 2014ರಲ್ಲಿ ರಷ್ಯಾ ಮತ್ತೆ ಬಂತು, ಕ್ರಿಮಿಯಾವನ್ನು ಉಕ್ರೇನಿನಿಂದ ಕಿತ್ತುಕೊಂಡಿತು. ಪತ್ರಿಕೆ, ಟಿವಿಗಳೆಲ್ಲ ಹೊಸದಾಗಿ ಲೈಸೆನ್ಸು ಪಡೀಬೇಕು ಅಂದಿತು. ತಾತಾರರ ಎಟಿಆರ್ ಟಿವಿಗೆ ಕೊಡಲಿಲ್ಲ. 2015ರ ಏಪ್ರಿಲ್ 1ಕ್ಕೆ ಅದರ ಬಾಯಿ ಮುಚ್ಚಿತು.

ಆಗ ಬೀದಿಗಿಳಿದದ್ದು ಸಾಮಾನ್ಯ ಜನ. 2016ರಲ್ಲಿ 'ಕ್ರಿಮಿಯನ್ ಸಾಲಿಡಾರಿಟಿ' ಕಟ್ಟಿದರು. ಕೋಳಿ ಕೂಗೋ ಹೊತ್ತಿಗೆ ಪೊಲೀಸರು ಯಾರದಾದರೂ ಮನೆಗೆ ನುಗ್ಗಿದರೆ, ಅಕ್ಕಪಕ್ಕದವರು ಫೋನು ಹಿಡಿದು ಗೇಟಿನ ಮುಂದೆ ನಿಲ್ಲೋರು. ಕೋರ್ಟಿನಲ್ಲಿ ನಡೆದದ್ದನ್ನು ಬರೆಯೋರು. ಜೈಲು ಸೇರಿದವರ ಮಕ್ಕಳ ಹೊಟ್ಟೆಬಟ್ಟೆ ನೋಡೋರೂ ಇವರೇ. ಇದನ್ನು ನಡೆಸುತ್ತಿದ್ದ ಸೆರ್ವರ್ ಮುಸ್ತಫಾಯೆವ್‌ನನ್ನು 2018ರ ಮೇನಲ್ಲಿ ಹಿಡಿದರು. ಬಂದೂಕಿಲ್ಲ, ಬಾಂಬಿಲ್ಲ, ಮಸೀದಿಯಲ್ಲಿ ಆಡಿದ ಮಾತೇ ಸಾಕ್ಷಿ. ಭಯೋತ್ಪಾದಕ ಎಂದು 2020ರಲ್ಲಿ 14 ವರ್ಷ. ಯಾರಿಗೂ 'ಸುದ್ದಿ ಬರೆದದ್ದಕ್ಕೆ ಶಿಕ್ಷೆ' ಅಂತ ತೀರ್ಪು ಬರೆಯೋದಿಲ್ಲ ಅವರು.

ಇರಿನಾ ತಾತಾರಳಲ್ಲ. ಆದರೂ ಆಕೆ ಹಿಡಿದದ್ದು ಇದೇ ದಾರಿ. ಜೈಲಿನಲ್ಲಿ ಕಿವಿನೋವು ಶುರುವಾಯ್ತು. ಔಷಧಿ ಕೊಡಿ ಅಂತ ಕೇಳಿ ಕೇಳಿ ಸಾಕಾಗಿ 2023ರ ಮಾರ್ಚಿನಲ್ಲಿ ಉಪವಾಸ ಕೂತಳು. ಎಡಗಿವಿ ಹೋಯಿತು.