ಜಗಲಿ ಮೇಲಿನ ಜೈಮಿನಿ, ಕೇರಿಯೊಳಗಿನ ಪ್ರಶ್ನೆ

ನಮ್ಮಜ್ಜಿಗೆ ಜೈಮಿನಿ ಭಾರತದ ರಾಗ ಗೊತ್ತಿತ್ತು, ಅಕ್ಷರ ಗೊತ್ತಿರಲಿಲ್ಲ. ಪಂಚನಹಳ್ಳಿ ಕಡೆಯ ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ದೊಡ್ಡ ಮನೆಯೊಂದರ ಜಗಲಿ ಮೇಲೆ ರಾತ್ರಿ ಹೊತ್ತು ಓದಿಸ್ತಿದ್ದರಂತೆ. ಕಣದಲ್ಲಿ ದುಡಿದು ಬಂದ ನಮ್ಮೋರು ಬೀದಿಯಾಚೆ ನಿಂತು ಕೇಳ್ತಿದ್ದರಂತೆ. "ಹತ್ರ ಹೋಗಿ ಅರ್ಥ ಕೇಳಬಾರದಿತ್ತಾ ಅಜ್ಜಿ?" ಅಂದರೆ, "ಜಗಲಿ ಹತ್ತೋಕೆ ಬಿಡದೋರು ಅರ್ಥ ಹೇಳ್ತಾರಾ ಮಗ?" ಅಂತಿದ್ದಳು. ಅದನ್ನು ಬರೆದ ಲಕ್ಷ್ಮೀಶ ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನು. ಕವಿ ನಮ್ಮ ಸೀಮೆಯವನೇ. ಕಾವ್ಯ ಮಾತ್ರ ನಮಗೆ ಬೀದಿಯಾಚೆಯದು.

ಹಿಂದೆ ಮನೆಯೇ ಪಾಠಶಾಲೆಯಾಗಿತ್ತು, ಮಕ್ಕಳು ಮನೆಯಲ್ಲೇ ಕಾವ್ಯ, ಕೋಶ, ವ್ಯಾಕರಣ ಕಲಿತು ಬರೆಯುವುದನ್ನೂ ಯೋಚಿಸುವುದನ್ನೂ ರೂಢಿಸಿಕೊಳ್ತಿದ್ದರು ಎಂದು ಹೊಗಳುವವರಿದ್ದಾರೆ. ಹೊಗಳಲಿ. ನಾವು ಕೇಳಬೇಕಾದ್ದು ಒಂದೇ: ಯಾರ ಮನೆ?

ಹಳೆಯ ಲೆಕ್ಕಪತ್ರ ಬಿಚ್ಚಿ ನೋಡೋಣ. ಬಳ್ಳಾರಿ ಜಿಲ್ಲೆ ಆಗ ಮದ್ರಾಸು ಆಡಳಿತದಲ್ಲಿತ್ತು. ಗವರ್ನರ್ ಮನ್ರೋ ಆಜ್ಞೆಯಂತೆ ಅಲ್ಲಿನ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಶಾಲೆಗಳ ವರದಿ ಕೊಟ್ಟ. ಜನಸಂಖ್ಯೆ 9,27,857. ಶಾಲೆಗಳು 533, ಓದುವವರು 6,641. ಅಂದರೆ ಸಾವಿರಕ್ಕೆ ಏಳು ಜನ. ಅದರಲ್ಲಿ ಹುಡುಗಿಯರು ಅರವತ್ತೇ ಮಂದಿ. ಲೆಕ್ಕದ ಕಲಮುಗಳು ಬ್ರಾಹ್ಮಣ, ವೈಶ್ಯ, ಶೂದ್ರ, ಆಮೇಲೆ 'ಇತರ ಎಲ್ಲ ಜಾತಿಗಳು'. ನಮಗೆ ಹೆಸರಿನ ಒಂದು ಕಲಮೂ ಇರಲಿಲ್ಲ. ಸಂಸ್ಕೃತದಲ್ಲಿ ತರ್ಕ, ಧರ್ಮಶಾಸ್ತ್ರ ಕಲಿಸುವ 23 ಜಾಗಗಳಿದ್ದವು, ಅಲ್ಲಿ ಬ್ರಾಹ್ಮಣರಷ್ಟೇ.

ಅಕ್ಷರ ಸಿಕ್ಕಿದವರಿಗಾದರೂ ಸಿಕ್ಕಿದ್ದೇನು? ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವ, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿದ್ದಾನೆ. ಆದರೆ ಮಕ್ಕಳು ಉರು ಹೊಡೆಯುವ ಪದ್ಯಗಳ ಭಾಷೆ ಆಡುಮಾತಿಗಿಂತ ಬೇರೆ, ಅರ್ಥ ಮಕ್ಕಳಿಗೂ ಇಲ್ಲ, ಬಹಳಷ್ಟು ಸಲ ಮೇಷ್ಟ್ರಿಗೂ ಇಲ್ಲ ಎಂದೂ ಬರೆದಿದ್ದಾನೆ. ಒಬ್ಬರಿಗೆ ಅರ್ಥವಿಲ್ಲದ ಅಕ್ಷರ, ಇನ್ನೊಬ್ಬರಿಗೆ ಅಕ್ಷರವೇ ಇಲ್ಲ. ಇದು ನಮ್ಮ ಶಾಸ್ತ್ರೀಯ ಶಿಕ್ಷಣದ ಚರಿತ್ರೆ.

ಮನೆ ಬಾಗಿಲು ಮುಚ್ಚಿತ್ತು, ಸರಿ. ಸರ್ಕಾರದ ಬಾಗಿಲು? 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲವೆಂದು ಒಬ್ಬ ಮಹಾರ್ ಹುಡುಗ ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ನ್ಯಾಯ ಹುಡುಗನ ಕಡೆಯೇ ಇದೆ, ಆದರೆ ಇವನೊಬ್ಬನನ್ನು ಸೇರಿಸಿದರೆ ಉಳಿದವರು ಶಾಲೆ ಬಿಡ್ತಾರೆ ಎಂದು ಸರ್ಕಾರ ಕೈ ತೊಳಕೊಂಡಿತು. 1858ರಲ್ಲಿ ಲಂಡನ್ನಿನ ಕಂಪನಿ ಡೈರೆಕ್ಟರುಗಳು ಸರ್ಕಾರಿ ಶಾಲೆ ಎಲ್ಲ ವರ್ಗಕ್ಕೂ ತೆರೆದದ್ದು ಎಂದರು. ಆದೇಶ ಕಾಗದದ ಮೇಲೆ ಬಂತು. ಬೆಂಚಿನ ಮೇಲೆ ಕೂರೋದಕ್ಕೆ ಇನ್ನೂ ಎಷ್ಟೋ ತಲೆಮಾರು ಬೇಕಾಯಿತು. ಆ ಹುಡುಗ ಅರ್ಜಿ ಹಾಕಿದನಲ್ಲ, ಅದೇ ನಮ್ಮ ಬರವಣಿಗೆಯ ಮೊದಲ ಪಾಠಗಳಲ್ಲೊಂದು.

ಇನ್ನೊಂದು ಮನೆಯೂ ಇತ್ತು. ಸುಬೇದಾರ್ ರಾಮಜಿ ಸಕ್ಪಾಲರ ಮನೆ. ಮಕ್ಕಳು ಪ್ರತಿದಿನ ಮಹಾಭಾರತ, ರಾಮಾಯಣವನ್ನು ಮನೆಯವರಿಗೂ ಬಂದವರಿಗೂ ಓದಿ ಹೇಳಬೇಕಿತ್ತು. ಹುಡುಗ ಭೀಮರಾವ್ ಒಂದು ದಿನ ಕೇಳಿದ: ಬ್ರಾಹ್ಮಣ ಕ್ಷತ್ರಿಯರನ್ನು ಹೊಗಳಿ ಶೂದ್ರರನ್ನೂ ಅಸ್ಪೃಶ್ಯರನ್ನೂ ಹೀನ ಮಾಡುವ ಇವನ್ನು ನಾವ್ಯಾಕೆ ಓದಬೇಕು? ನಾವು ಕೀಳೆಂಬ ಭಾವನೆ ಹೋಗಲಿ ಅಂತ, ಕರ್ಣನನ್ನು ನೋಡು, ವಾಲ್ಮೀಕಿಯನ್ನು ನೋಡು ಎಂದರು ಅಪ್ಪ. ಮಗನಿಗೆ ಒಪ್ಪಿಗೆಯಾಗಲಿಲ್ಲ, ಭೀಷ್ಮ, ದ್ರೋಣ, ಕೃಷ್ಣ, ರಾಮ ಎಲ್ಲರನ್ನೂ ವಿಚಾರಣೆಗೆ ನಿಲ್ಲಿಸಿದ. ಅಪ್ಪ ಸುಮ್ಮನಾದರು. ಮಗನೊಳಗೆ ಬಂಡಾಯ ಎದ್ದಿದೆಯೆಂದು ಅವರಿಗೆ ಗೊತ್ತಾಗಿತ್ತು. ಇದನ್ನು ಬಾಬಾಸಾಹೇಬರೇ 1956ರಲ್ಲಿ ಬರೆದಿಟ್ಟಿದ್ದಾರೆ. ಶಾಲೆಯಲ್ಲಿ ಸಂಸ್ಕೃತ ಸಿಗದೆ ಪರ್ಶಿಯನ್ ಹಿಡಿದ ಹುಡುಗ ಮುಂದೆ ತಾನೇ ಸಂಸ್ಕೃತ ಕಲಿತು ಶಾಸ್ತ್ರಗಳನ್ನು ಪ್ರಶ್ನಿಸಿದ. ಗ್ರಂಥ ಅದೇ, ಓದಿದ ಮನೆ ಬೇರೆ.

ನಮ್ಮ ಮನೇಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಈಗ ಸಂಜೆ ಕೇರಿಯ ಮಕ್ಕಳನ್ನು ಕೂರಿಸಿಕೊಂಡು ಅದೇ ಜೈಮಿನಿಯ ಚಂದ್ರಹಾಸನ ಕಥೆ ಹೇಳ್ತೀನಿ. ದುಷ್ಟಬುದ್ಧಿ ಅವನಿಗೆ ವಿಷ ಕೊಡಲು ಬರೆದ ಓಲೆಯನ್ನು ಅವನ ಕೈಲೇ ಕಳಿಸ್ತಾನೆ. ವಿಷಯೆ ಎಂಬ ಹುಡುಗಿ 'ವಿಷ'ವನ್ನು 'ವಿಷಯೆ' ಎಂದು ತಿದ್ದುತ್ತಾಳೆ. ಸಾವು ಮದುವೆಯಾಗುತ್ತದೆ. ಮೊನ್ನೆ ರಾಗಿ ಕೇರುತ್ತಾ ಕೂತಿದ್ದ ನಮ್ಮವ್ವ ಕೇಳಿದಳು: "ಓಲೆ ಅವನ ಕೈಲೇ ಇತ್ತಲ್ಲ, ಅವನ್ಯಾಕೆ ಓದ್ಲಿಲ್ಲ?"

ಮಕ್ಕಳು ಸುಮ್ಮನಾದವು. ನನಗೆ ತಾತ ನೆನಪಾದ. ಸಾಲದ ಪತ್ರ ಅಂತ ಹೇಳಿದ್ದಕ್ಕೆ ಹೆಬ್ಬೆಟ್ಟು ಒತ್ತಿದ. ಅದು ಹೊಲದ ಕ್ರಯಪತ್ರವಾಗಿತ್ತು. ತಿದ್ದೋಕೆ ಯಾವ ವಿಷಯೆಯೂ ಬರಲಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ಹಳೆಯ ಕಾವ್ಯವನ್ನು ಸುಡಬೇಕಿಲ್ಲ, ಪೂಜಿಸಬೇಕಿಲ್ಲ. ಕೇರಿಗೆ ತನ್ನಿ, ಓದಿಸಿ, ಅವ್ವಂದಿರನ್ನೂ ಕೂರಿಸಿ. ಪದ್ಯ ಉರು ಹೊಡೆದ ಮಗುವಿಗಿಂತ 'ಯಾಕೆ' ಅಂದ ಮಗುವಿಗೆ ಒಂದು ಮಾರ್ಕು ಜಾಸ್ತಿ ಕೊಡಿ. ಆಮೇಲೆ ಆ 'ಯಾಕೆ'ಯನ್ನು ಅದರ ಕೈಲೇ ಬರೆಸಿ.