ಆರಂಭದ ವಸಾಹತು ಕಾಲದ ಹೆಣ್ಣಿನ ಬದುಕು ಮತ್ತು ಬಾಲ್ಯ (ಚೆಸಪೀಕ್, ಕೆರೊಲಿನಾ)

ಇಂದಿನ ವಾಷಿಂಗ್ಟನ್ ನಗರದ ಸುತ್ತಲಿನ ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲೂ ದಕ್ಷಿಣದ ಕೆರೊಲಿನಾದಲ್ಲೂ ಆ ಕಾಲದಲ್ಲಿ ಮಗುವಿನ ಹಣೆಬರಹವನ್ನು ಬಹುಮಟ್ಟಿಗೆ ಬರೆಯುತ್ತಿದ್ದುದು ತಾಯಿಯ ಸ್ಥಾನಮಾನ. ಇಲ್ಲಿ ಹುಟ್ಟಿದ ಮೊದಲ ಇಂಗ್ಲಿಷ್ ಕೂಸು ವರ್ಜೀನಿಯಾ ಡೇರ್ (1587, ರೋನೋಕ್ ದ್ವೀಪ). 1590ರಲ್ಲಿ ಅವಳ ಅಜ್ಜ ಜಾನ್ ವೈಟ್ ಮರಳಿದಾಗ ನೆಲೆಯಲ್ಲಿ ಯಾರೂ ಇರಲಿಲ್ಲ.

17ನೆಯ ಶತಮಾನದಲ್ಲಿ ಚೆಸಪೀಕ್ ಕೊಲ್ಲಿಯ ತೀರಕ್ಕೆ ಬಂದ ಇಂಗ್ಲಿಷ್ ಹೆಂಗಸರಲ್ಲಿ ಹೆಚ್ಚಿನವರು ಹಡಗಿನ ಖರ್ಚಿಗೆ ಬದಲಾಗಿ ಕೆಲವು ವರ್ಷ ದುಡಿಯಲು ಕರಾರು ಬರೆದುಕೊಟ್ಟವರು. ಕರಾರು ಮುಗಿಯುವ ಮುನ್ನ ಬಸುರಾದರೆ ದುಡಿಮೆಯ ಅವಧಿ ಬೆಳೆಯುತ್ತಿತ್ತು. ಮಲೇರಿಯಾದಂಥ ಜ್ವರಗಳಿಗೆ ತಂದೆತಾಯಿ ಬೇಗ ಸಾಯುತ್ತಿದ್ದುದರಿಂದ ಮಲತಾಯಿ, ಮಲತಂದೆ, ಪೋಷಕರ ಕೈಯಲ್ಲಿ ಬೆಳೆಯುವುದು ಮಕ್ಕಳಿಗೆ ಮಾಮೂಲಾಗಿತ್ತು. ಮದುವೆಯಾದವಳ ಆಸ್ತಿಯ ಮೇಲೆ ಗಂಡನದೇ ಹಿಡಿತ. ಮೇರಿಲ್ಯಾಂಡಿನ ಮಾರ್ಗರೆಟ್ ಬ್ರೆಂಟ್ ಮದುವೆಯಾಗದೆ ಉಳಿದು ಜಮೀನು, ವ್ಯಾಜ್ಯಗಳನ್ನು ತಾನೇ ನಿಭಾಯಿಸಿದಳು; 1648ರಲ್ಲಿ ವಿಧಾನಸಭೆಯಲ್ಲಿ ಮತಾಧಿಕಾರವನ್ನೂ ಕೇಳಿದಳು. ಸಿಗಲಿಲ್ಲ.

ವರ್ಜೀನಿಯಾದ ಎಲಿಜಬೆತ್ ಕೀ ಎಂಬವಳ ಪ್ರಕರಣ ಇದಕ್ಕಿಂತ ದೂರಗಾಮಿ. ತಂದೆ ಇಂಗ್ಲೆಂಡಿನವನು, ತಾಯಿ ಆಫ್ರಿಕದವಳು. ಬಾಲ್ಯದಲ್ಲೇ ಅವಳನ್ನು ಇನ್ನೊಬ್ಬರ ಸುಪರ್ದಿಗೆ ಒಪ್ಪಿಸಿ, ಗೊತ್ತಾದ ಅವಧಿಯ ಬಳಿಕ ಬಿಡಬೇಕೆಂದು ಕರಾರಾಗಿತ್ತು, ಬಿಡಲಿಲ್ಲ. ಇಂಗ್ಲಿಷ್ ಕಾನೂನಿನಂತೆ ಮಗು ತಂದೆಯ ಸ್ಥಾನ ಪಡೆಯುತ್ತದೆ, ತಾನು ದೀಕ್ಷಾಸ್ನಾನವಾದ ಕ್ರೈಸ್ತಳು ಎಂದು ವಾದಿಸಿ 1656ರಲ್ಲಿ ಬಿಡುಗಡೆ ಪಡೆದಳು. 1662ರಲ್ಲಿ ವರ್ಜೀನಿಯಾ ಆ ದಾರಿ ಮುಚ್ಚಿತು: ಮಗು ಸ್ವತಂತ್ರವೋ ಗುಲಾಮವೋ ಎಂಬುದಕ್ಕೆ ತಾಯಿಯ ಸ್ಥಿತಿಯೇ ಆಧಾರ. ತುಳುನಾಡಿನ ಅಳಿಯಕಟ್ಟಿನಲ್ಲಿ ತಾಯಿಯ ಕಡೆಯಿಂದ ಆಸ್ತಿ ಇಳಿದರೆ ಇಲ್ಲಿ ಇಳಿದದ್ದು ದಾಸ್ಯ. ತೋಟದ ಒಡೆಯನಿಗೆ ತನ್ನಿಂದಲೇ ಹುಟ್ಟಿದ ಮಗುವೂ ಸೊತ್ತಾಯಿತು. ಕೆರೊಲಿನಾದ ಬೆಟ್ಟಸೀಮೆಯ ಮೂಲನಿವಾಸಿ ಚೆರೋಕಿಗಳಲ್ಲೂ ಮಗು ತಾಯಿಯ ಕುಲಕ್ಕೆ ಸೇರುತ್ತಿತ್ತು; ಆದರೆ ಅಲ್ಲಿ ಮನೆ, ಹೊಲ ಹೆಂಗಸರವು.

ದಕ್ಷಿಣ ಕೆರೊಲಿನಾದ ಎಲೈಜಾ ಲೂಕಸ್ (1722–1793) ಬರೆದಿಟ್ಟ ಪತ್ರಗಳು ಉಳ್ಳವರ ಮನೆಯ ಹುಡುಗಿಯ ದಿನಚರಿಯನ್ನು ತೋರಿಸುತ್ತವೆ. 1739ರಲ್ಲಿ ತಂದೆ ಆಂಟಿಗುವಾಕ್ಕೆ ಹೋದಾಗ 16ರ ಈ ಹುಡುಗಿಯ ಹೆಗಲಿಗೆ ಮೂರು ತೋಟಗಳ ಉಸ್ತುವಾರಿ ಬಿತ್ತು. ಚಾರ್ಲ್ಸ್‌ಟನ್ ಬಳಿಯ ವಾಪೂ ತೋಟದಲ್ಲಿ ಬಣ್ಣ ತೆಗೆಯುವ ನೀಲಿ (ಇಂಡಿಗೊ) ಗಿಡ ಬೆಳೆಸಿದ ಕೀರ್ತಿ ಅವಳ ಹೆಸರಿನಲ್ಲಿದೆ. ಆದರೆ ಗಿಡವನ್ನು ತೊಟ್ಟಿಯಲ್ಲಿ ಕೊಳೆಸಿ, ಆ ನೀರನ್ನು ಬಡಿದು, ತಳಕ್ಕಿಳಿದ ಗಸಿಯನ್ನು ಸೋಸಿ ಒಣಗಿಸಿದ ಕೈಗಳು ಗುಲಾಮರವು. ಕೀರ್ತಿಯಲ್ಲಿ ಅವರಿಗೂ ಪಾಲು ಸಲ್ಲಬೇಕು. ತೋಟದ ಇಬ್ಬರು ಕಪ್ಪು ಹುಡುಗಿಯರಿಗೆ ಅವಳು ಓದು ಕಲಿಸುತ್ತಿದ್ದಳು; ಮುಂದೆ ಅವರೇ ಉಳಿದ ಕಪ್ಪು ಮಕ್ಕಳಿಗೆ ಕಲಿಸಲಿ ಎಂಬುದು ಅವಳ ಯೋಚನೆ. 1739ರಲ್ಲಿ ಗುಲಾಮರು ಎದ್ದ ಸ್ಟೋನೊ ದಂಗೆಯ ಬಳಿಕ, 1740ರಲ್ಲಿ ಬಂದ ಕಾನೂನು ಗುಲಾಮರಿಗೆ ಬರೆಯಲು ಕಲಿಸುವುದನ್ನು ನಿಷೇಧಿಸಿ ದಂಡ ವಿಧಿಸಿತ್ತು. ಓದಿನ ಮಾತು ಅದರಲ್ಲಿರಲಿಲ್ಲ.